ಚಕ್ರಕ್ಕೆ ಎರಡು ಹಿಡಿ

ಕಾಲುವೆಯ ತೂಬಿಗೆ ಕಾವಲುಗಾರರು ಇಬ್ಬರು. ಹಿರಿಯನು ಹದಿನೆಂಟು ವರ್ಷಗಳ ಹಿಂದೆ ಗಡಿಯಾಚೆಯಿಂದ ಬಂದವನು, ಕಿರಿಯನು ಊರಿನವನೇ. ತಂದೆ ಮಾಡಿದ ಹಿರಿಯ ಹುದ್ದೆ ತನಗೇ ಬರಬೇಕಿತ್ತೆಂಬುದು ಕಿರಿಯನ ಹೊಟ್ಟೆಕಿಚ್ಚು. ಹಿರಿಯನ ಮನೆಗೆ ಕೆಂಪು ಹೆಂಚು ಹೊದಿಸಿದ ದಿನ ಇವನಿಗೆ ಊಟ ಸೇರಲಿಲ್ಲ. ಹೆಂಡತಿ ಆ ಮನೆಯ ಕಿಟಕಿಯನ್ನು ಹೊಗಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ಆ ವರ್ಷ ನೆರೆ ಬಂತು. ತೂಬು ಮುಚ್ಚಿಯೇ ಇತ್ತು; ನೀರು ಕಟ್ಟೆಯನ್ನೇ ಹತ್ತಿ ಇಳಿದು ಕೆಳಗೇರಿಯ ಹನ್ನೊಂದು ಜನರನ್ನು ಒಯ್ದಿತು. ಮೂರನೆಯ ದಿನ ನೆಲರಕ್ಷಣೆಯ ಪಕ್ಷದ ಲಾರಿ ಬಂತು. ಕಂಬಳಿಗೊಂದರಂತೆ ಮಾತನ್ನೂ ಹಂಚಿದರು: ನೀರು ತಾನಾಗಿ ಬರಲಿಲ್ಲ, ಹೊರಗಿನವನು ತೂಬು ತೆರೆದ. ಹಿಂದೆ ಕಾಲರಾ ಬಂದಾಗಲೂ ಬಾವಿಗೆ ವಿಷ ಹಾಕಿದನೆಂದು ಒಬ್ಬ ತಿರುಗು ವ್ಯಾಪಾರಿಯನ್ನು ಊರು ಬಡಿದು ಅಟ್ಟಿತ್ತು. ಮರುವರ್ಷವೂ ಕಾಲರಾ ಬಂತು. ರೂಢಿ ಮಾತ್ರ ಹೋಗಲಿಲ್ಲ.

ಪಕ್ಷದ ಮುಖಂಡ ಕಿರಿಯನ ಮನೆಗೇ ಬಂದ. ಸಭೆಯಲ್ಲಿ "ಕಣ್ಣಾರೆ ಕಂಡೆ" ಎಂದರೆ ಸಾಕು, ಚುನಾವಣೆ ಗೆದ್ದ ಮೇಲೆ ಹಿರಿಯ ಹುದ್ದೆ ಅವನದೇ ಎಂದ.

ಮುದಿ ತಂದೆ ತಲೆದೂಗಿದ. "ಹೇಳಿಬಿಡೋ. ಮನೆಗೆ ಬಂದ ಭಾಗ್ಯವನ್ನ ಕಾಲಲ್ಲಿ ಒದೀಬೇಡ. ಪರದೇಶಿ ಯಾವತ್ತಿದ್ರೂ ಪರದೇಶಿನೇ."

ಒದ್ದೆ ಹೊದಿಕೆ ಹಿಂಡುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ಆ ತೂಬಿನ ಚಕ್ರಕ್ಕೆ ಎರಡು ಹಿಡಿ ಅಲ್ವಾ? ಒಬ್ಬರ ಕೈಲಿ ತಿರುಗಲ್ಲ ಅಂತ ನೀವೇ ದಿನಾ ಸೊಂಟ ಹಿಡ್ಕೊಂಡು ಹೇಳ್ತೀರಿ. ಅವತ್ತು ಇನ್ನೊಂದು ಹಿಡಿ ಹಿಡಿದೋರು ಯಾರು?"

ಮುಖಂಡ ನಕ್ಕ. "ಜನ ಲೆಕ್ಕ ಕೇಳಲ್ಲ, ತಾಯಿ. ಹೆಸರು ಕೇಳ್ತಾರೆ."

ಸಂಜೆಯ ಸಭೆಯಲ್ಲಿ ಮುಂದಿನ ಸಾಲಿನವರ ಕೈಯಲ್ಲಿ ದೊಣ್ಣೆಗಳಿದ್ದವು. ವೇದಿಕೆ ಹತ್ತಿದ ಕಿರಿಯನಿಗೆ ಆ ಕೆಂಪು ಹೆಂಚು ಕಾಣುತ್ತಿತ್ತು. ಹೊಟ್ಟೆಯ ಕಿಚ್ಚು ನಾಲಿಗೆಯವರೆಗೆ ಬಂತು.

"ಕಣ್ಣಾರೆ ಕಂಡೆ" ಎಂದ. ಜನ ಎದ್ದು ನಿಂತರು.

ಕಿರಿಯ ತನ್ನ ಅಂಗೈಯ ಜಡ್ಡನ್ನು ನೋಡಿಕೊಂಡ. "ಕಂಡದ್ದು ಇಷ್ಟು. ಚಕ್ರಕ್ಕೆ ಎರಡು ಹಿಡಿ. ಒಂದು ಅವನದು, ಒಂದು ನನ್ನದು. ಇಬ್ಬರೂ ಮುಟ್ಟಲಿಲ್ಲ. ನೀರು ಕಟ್ಟೆ ಹತ್ತಿ ಬಂತು. ಅವನು ತೆರೆದ ಅನ್ನೋರು ಮೊದಲು ನನ್ನ ಹೊಡೀಲಿ."

ಒಂದು ಕಲ್ಲು ಬಂದು ಹುಬ್ಬು ಒಡೆಯಿತು. ದೊಣ್ಣೆಗಳು ಏಳಲಿಲ್ಲ, ಊರಿನವನನ್ನೇ ಹೊಡೆಯುವ ಪಾಠ ಅವರಿಗಿನ್ನೂ ಆಗಿರಲಿಲ್ಲ.

ಮರುದಿನ ಮುಂಜಾನೆ ತೂಬಿನ ಬಳಿ ಹಿರಿಯನು ಏನೋ ಹೇಳಲು ಬಾಯಿ ತೆರೆದ.

"ಏನೂ ಹೇಳ್ಬೇಡ" ಎಂದ ಕಿರಿಯ. "ನಿನ್ನ ಹೆಂಚು ಕಂಡ್ರೆ ನಂಗೆ ಇವತ್ತೂ ಆಗಲ್ಲ. ಹಿಡಿ, ಆ ಹಿಡಿ ಹಿಡಿ."