ಹದಿನೇಳನೇ ಡಬ್ಬಿ

"ಸಿಸ್ಟರ್, ಈ ಹದಿನೇಳನೇ ನಂಬರಿನ ಡಬ್ಬಿ ಗಂಡಸಿನದು" ಎಂದಳು ಲ್ಯಾಬಿನವಳು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಸಿಸ್ಟರ್ ನಕ್ಕುಬಿಟ್ಟಳು. ಡಬ್ಬಿಗಳನ್ನೆಲ್ಲ ತಂದವಳು ಅವಳೇ. ಬಸುರಿಯರ ಕರುಳಿನ ಬ್ಯಾಕ್ಟೀರಿಯಾಕ್ಕೂ, ಫೋಲೇಟ್ ಎಂಬ ವಿಟಮಿನ್ನಿಗೂ, ಬಸುರಿನಲ್ಲಿ ಏರುವ ಬಿಪಿಗೂ ಏನಾದರೂ ಸಂಬಂಧವಿದೆಯೇ ಎಂದು ದೊಡ್ಡ ಡಾಕ್ಟರು ಅಧ್ಯಯನ ನಡೆಸುತ್ತಿದ್ದರು. ನಲವತ್ತು ಬಸುರಿಯರ ಮನೆಗೆ ಹೋಗಿ ಮಲದ ಡಬ್ಬಿ ಇಸಿದುಕೊಂಡು, ಐಸ್ ಪೆಟ್ಟಿಗೆಯಲ್ಲಿಟ್ಟು ತರುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದದ್ದಕ್ಕೆ ಸಿಕ್ಕ ಬಡ್ತಿ ಇದು ಎಂದು ತಾನೇ ತಮಾಷೆ ಮಾಡುತ್ತಿದ್ದಳು.

"ಬಸುರಿ ಡಬ್ಬಿ ಗಂಡಸಿನದು ಹೇಗಮ್ಮ ಆಗುತ್ತೆ? ಹೊಟ್ಟೇಲಿರೋದು ಗಂಡು ಇರಬೇಕು ಬಿಡು."

"ಮಗು ಕರುಳಲ್ಲಿರುತ್ತಾ ಸಿಸ್ಟರ್? ನಿಮಗೂ ನಾನು ಹೇಳಿಕೊಡಬೇಕಾ? ಇವತ್ತು ಡಿಎನ್‌ಎ ಎರಡು ಸಲ ಪರೀಕ್ಷೆ ಮಾಡಿದೀನಿ. ಯಾರೋ ಗಂಡಂದು ತುಂಬಿ ಕೊಟ್ಟಿದಾರೆ."

ನಗು ಅಲ್ಲೇ ನಿಂತಿತು. ಹದಿನೇಳನೇ ನಂಬರು ಅವಳ ಸೊಸೆ.

ಯಾರ ಫಲಿತಾಂಶವನ್ನೂ ಯಾರಿಗೂ ಹೇಳಬಾರದೆಂಬ ನಿಯಮವಿತ್ತು. ಆದರೂ ಹದಿನೈದು ದಿನದ ಹಿಂದೆ ಅವಳು ಇದೇ ಲ್ಯಾಬಿನವಳನ್ನು ಪುಸಲಾಯಿಸಿ ಸೊಸೆಯದನ್ನು ಕೇಳಿದ್ದಳು. ಫೋಲೇಟ್ ತಯಾರಿಸುವ ಬ್ಯಾಕ್ಟೀರಿಯಾ ಭರ್ಜರಿಯಾಗಿವೆ ಎಂದು ಉತ್ತರ ಬಂದಿತ್ತು. ಹಾಗಾದರೆ ಬಿಪಿಯ ಭಯವಿಲ್ಲ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದಳು. ಇದೆಲ್ಲ ಇನ್ನೂ ಬರೀ ಅನುಮಾನ, ಇದನ್ನು ನಂಬಿ ಯಾರ ಆರೋಗ್ಯವನ್ನೂ ಅಳೆಯಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಅಂದಿನಿಂದ ಸೊಸೆಯ ಯಾವ ದೂರಿಗೂ ಅವಳ ಬಳಿ ಉತ್ತರ ಸಿದ್ಧವಿತ್ತು. ಕಾಲು ಊದಿದೆ ಎಂದರೆ, "ಬಸುರಿ ಅಂದ್ಮೇಲೆ ಕಾಲು ಊದದೇ ಇರುತ್ತಾ?" ಈ ಬೆಳಿಗ್ಗೆ ತಲೆ ಸಿಡಿಯುತ್ತಿದೆ, ಕಣ್ಣೆದುರು ಏನೋ ಮಿಂಚುತ್ತಿದೆ ಎಂದಾಗ, "ನಿನ್ನ ರಿಪೋರ್ಟ್ ಫಸ್ಟ್ ಕ್ಲಾಸ್. ನಾಟಕ ಸಾಕು" ಎಂದು ಚಪ್ಪಲಿ ಮೆಟ್ಟಿ ಹೊರಟುಬಂದಿದ್ದಳು.

ಮನೆಯಲ್ಲೇ ಸಿಸ್ಟರ್ ಇರುವಾಗ ಆಸ್ಪತ್ರೆಯಲ್ಲಿ ಸಾಲು ನಿಲ್ಲುವುದೇಕೆ ಎಂದು ಸೊಸೆಯ ತಪಾಸಣೆಯನ್ನು ತಪ್ಪಿಸಿದವಳೂ ಅವಳೇ. ಆಕೆಯ ತೋಳಿಗೆ ಬಿಪಿ ಪಟ್ಟಿ ಸುತ್ತಿ ಮೂರು ವಾರವಾಗಿತ್ತು. ಊರಿಗೆಲ್ಲ ಸಿಸ್ಟರ್, ಮನೆಗೆ ಮಾತ್ರ ಅತ್ತೆ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಮಗ ಟೈರ್ ಅಂಗಡಿಯಲ್ಲಿದ್ದ. ಫೋನಿನಲ್ಲೇ ಕೂಗಿದಳು. "ಲೋ, ಆ ಡಬ್ಬೀಲಿ ಇದ್ದದ್ದು ಯಾರದೋ?"

"ಅವಳು ಅಳ್ತಾ ಕೂತಿದ್ಲಮ್ಮ. ಅತ್ತೆ ಕೈಗೆ ಅದನ್ನ ಹೇಗೆ ಕೊಡೋದು, ನಾಳೆ ಅದಕ್ಕೂ ಒಂದು ಮಾತು ಅಂತಾರೆ ಅಂತ. ನಂದೇ ಕೊಟ್ಟೆ. ಏನೀಗ?"

"ಮನೆಗೆ ಓಡು. ಮೊದಲು ಅವಳನ್ನ ಇಲ್ಲಿ ಆಸ್ಪತ್ರೆಗೆ ಕರ್ಕೊಂಡು ಬಾ."

ಸೊಸೆ ಎಷ್ಟು ತಿಂದಳು, ಎಷ್ಟು ಹೊತ್ತು ಮಲಗಿದಳು, ಬಚ್ಚಲಿಗೆ ಎಷ್ಟು ಸಲ ಹೋದಳು ಎಂಬುದನ್ನೆಲ್ಲ ಅವಳು ನೆರೆಯವರೆದುರು ಆಡಿ ನಕ್ಕದ್ದುಂಟು. ಅದರಲ್ಲಿ ತಪ್ಪೇನಿದೆ ಎಂದು ಇವತ್ತಿನವರೆಗೂ ಅನ್ನಿಸಿರಲಿಲ್ಲ.

ಕಾರಿನಲ್ಲಿ ಬರುವಾಗಲೇ ಸೊಸೆಗೆ ಫಿಟ್ಸ್ ಬಂತು. ಬಿಪಿ ನೂರ ಎಂಬತ್ತು ದಾಟಿತ್ತು. ಎಂಟನೇ ತಿಂಗಳಲ್ಲೇ ಹೊಟ್ಟೆ ಕುಯ್ದು ಮಗುವನ್ನು ತೆಗೆದರು. ಹೆಣ್ಣು ಕೂಸು. ಅದು ಅಳಲೇ ಇಲ್ಲ.

ಎರಡು ದಿನ ಸಿಸ್ಟರ್ ಸಿಕ್ಕಸಿಕ್ಕವರಿಗೆಲ್ಲ ಒಂದೇ ಮಾತು ಹೇಳಿದಳು. "ಡಬ್ಬೀಲಿ ಮೋಸ ಮಾಡಿದ್ಲು. ಇಲ್ಲದಿದ್ರೆ ನಾನು ಬಿಡ್ತಿದ್ನಾ?" ಹೇಳಿದಷ್ಟೂ ಮನಸ್ಸು ಹಗುರಾಗುತ್ತಿತ್ತು. ಮೂರನೇ ದಿನ ಡಾಕ್ಟರ ಎದುರೂ ಅದನ್ನೇ ಹೇಳಿದಳು.

ಅವರು ಪಟ್ಟಿಯಲ್ಲಿ ಹದಿನೇಳನ್ನು ಹೊಡೆದುಹಾಕಿ ಪೆನ್ನು ಕೆಳಗಿಟ್ಟರು. "ಡಬ್ಬಿ ಅವಳದೇ ಆಗಿದ್ದರೂ ಅಷ್ಟೆ, ಸಿಸ್ಟರ್. ಕಾಲು ಊದಿದವಳು ತಲೆನೋವು ಅಂದರೆ ಮೊದಲು ಏನು ನೋಡಬೇಕು? ಹೊಸ ಹುಡುಗೀರಿಗೆ ಇಷ್ಟು ವರ್ಷ ಕಲಿಸಿದವರು ನೀವೇ ತಾನೆ?"

ಅವಳಿಗೆ ಅಲ್ಲೇ ಸತ್ತುಹೋಗುವಷ್ಟು ನಾಚಿಕೆಯಾಯಿತು.

ಬಿಪಿ ಪಟ್ಟಿ ಹಿಡಿದು ನೇರ ವಾರ್ಡಿಗೆ ಹೋದಳು. ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕುಡಿಯಲು ಕೂಸಿಲ್ಲದೆ ಕಟ್ಟಿಕೊಂಡ ಹಾಲಿನಿಂದ ಅಂಗಿಯ ಎದೆ ಒದ್ದೆಯಾಗಿತ್ತು.

"ಕೈ ಕೊಡಮ್ಮ" ಎಂದಳು. ಅಷ್ಟು ಮೆಲ್ಲಗೆ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ.

ಸೊಸೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. "ಬೇರೆ ಸಿಸ್ಟರ್ ಬರ್ಲಿ, ಅತ್ತೆ."

ಪಕ್ಕದ ಮಂಚದ ತುಂಬುಬಸುರಿ ತೋಳು ಚಾಚಿದಳು. "ಅಲ್ಲೀವರೆಗೆ ನಂದಾದ್ರೂ ನೋಡಿ ಸಿಸ್ಟರ್."

ಪಟ್ಟಿ ಸುತ್ತಿ, ಸ್ಟೆತಾಸ್ಕೋಪ್ ಕಿವಿಗಿಟ್ಟು, ಗಾಳಿ ತುಂಬಿ ಬಿಟ್ಟಳು. ಮುಳ್ಳು ಇಳಿಯಿತು.

"ಎಷ್ಟಿದೆ?"

ಅವಳಿಗೆ ನಾಡಿಯ ಬಡಿತ ಒಂದೂ ಕೇಳಿಸಿರಲಿಲ್ಲ. ಮತ್ತೆ ಗಾಳಿ ತುಂಬತೊಡಗಿದಳು.