ಮೂರು ಗುಬ್ಬಿ ಪಬ್ಬಿನ ಗಂಟೆ

ಕ್ರಿಸ್ಪಿನ್ ಲೇತ್ಬರಿ ನನ್ನ ಪಬ್ಬಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದದ್ದು ನೋಡಿ, ಪರವಾಗಿಲ್ಲ, ದೇವರು ಇನ್ನೂ ಬದುಕಿದ್ದಾನೆ ಅಂದುಕೊಂಡೆ. ಇಷ್ಟು ವರ್ಷ ಅವನ ಮುಖವನ್ನು ಬಸ್ಸುಗಳ ಮೈಮೇಲೆ, ಸುರಂಗ ರೈಲಿನ ಗೋಡೆಗಳ ಮೇಲೆ ನೋಡಿ ನೋಡಿ ಹೊಟ್ಟೆ ಉರಿಸಿಕೊಂಡಿದ್ದೆ. ಈಗ ಅದೇ ಮುಖ, ನಾಟಕಕ್ಕೆ ಮೆತ್ತಿದ ಬಣ್ಣದ ಸಮೇತ, ನನ್ನ ಕಟ್ಟೆಯಾಚೆ ಒಂದು ಮೊಳ ದೂರದಲ್ಲಿ ನಿಂತು ಹಲ್ಲು ಕಿರಿಯುತ್ತಿತ್ತು.

"ಒಂದು ಬಿಯರ್ ಕೊಡು ಡಾರ್ಲಿಂಗ್. ಸೇನಾಪತಿಗೆ ಗಂಟಲು ಒಣಗಿದೆ."

ಅವನಿಗೆ ನನ್ನ ಗುರುತು ಸಿಗಲಿಲ್ಲ. ಹೇಗೆ ಸಿಗಬೇಕು? ಆಗ ನಾನು ಕಡ್ಡಿಯ ಹಾಗಿದ್ದೆ, ಈಗ ಪೀಪಾಯಿಯ ಹಾಗಿದ್ದೇನೆ. ಅಲ್ಲದೆ ಅವನಂಥವರು ಬಿಯರ್ ಸುರಿಯುವವಳ ಕೈ ನೋಡುತ್ತಾರೆಯೇ ಹೊರತು ಮುಖ ನೋಡುವುದಿಲ್ಲ. ನಾನು ಪಂಪು ಎಳೆದೆ. ಗ್ಲಾಸಿನಲ್ಲಿ ಉಗುಳಬೇಕು ಅಂತ ಎಷ್ಟು ಆಸೆಯಾಯಿತೆಂದರೆ, ನಾಲಿಗೆ ಕಚ್ಚಿಕೊಂಡು ಸುಮ್ಮನಾದೆ.

ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನಿನ ಹಿಂದಿನ ಓಣಿಯಲ್ಲಿ ನಮ್ಮ ಮೂರು ಗುಬ್ಬಿ ಇದೆ. ಇಪ್ಪತ್ತು ಜನ ನಿಂತರೆ ಇಪ್ಪತ್ತೊಂದನೆಯವನು ಉಸಿರು ಬಿಗಿಹಿಡಿದು ನಿಲ್ಲಬೇಕು, ಅಷ್ಟೇ ಜಾಗ. ಮೂಲೆಯಲ್ಲಿ ಮರದ ತಡಿಕೆ ಹಾಕಿದ ಒಂದು ಮರೆಕೋಣೆ, ಅದಕ್ಕೆ ಓಣಿಗೆ ತೆರೆಯುವ ಬೇರೆ ಬಾಗಿಲು. ಎದುರಿಗೆ ಥಿಯೇಟರಿನ ಹಿಂಬಾಗಿಲು. ಅಲ್ಲಿಂದ ನಮ್ಮ ಗೋಡೆಯ ಗಂಟೆಗೆ ಒಂದು ತಂತಿ ಬಂದಿದೆ. ನಾಟಕದ ನಡುವೆ ಬಿಡುವಿದ್ದ ನಟ ಓವರ್‌ಕೋಟು ಹೊದ್ದು ಇಲ್ಲಿಗೆ ಬರುತ್ತಾನೆ, ಅವನ ಎಂಟ್ರಿ ಹತ್ತಿರವಾದಾಗ ಥಿಯೇಟರಿನ ಬಾಗಿಲು ಕಾಯುವವನು ಗುಂಡಿ ಒತ್ತುತ್ತಾನೆ. ಗಂಟೆ ಬಡಿಯಿತೋ, ಮಾತೆಲ್ಲ ಬಂದ್. ಕುಡಿಯುತ್ತಿದ್ದವರು ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು, ಬಾಗಿಲ ಹತ್ತಿರ ಇದ್ದವರು ಬಾಗಿಲು ಹಿಡಿಯಬೇಕು. ಯಾರೋ ಬರೆದಿಟ್ಟ ಕಾನೂನಲ್ಲ ಇದು. ಆದರೆ ಇಲ್ಲಿ ಒಬ್ಬರ ಕಾಲೊಬ್ಬರು ತುಳಿದುಕೊಂಡಾದರೂ ನಟನಿಗೆ ದಾರಿ ಬಿಟ್ಟಿದ್ದಾರೆ, ನಮ್ಮಪ್ಪನ ಕಾಲದಿಂದಲೂ.

ನನ್ನ ಅಣ್ಣ ವಿಲ್ಫ್ ಆಗ ಇದೇ ಥಿಯೇಟರಿನ ನಟನಾಗಿದ್ದ. ಜೀವಮಾನವೆಲ್ಲ ಅಂಚೆಯವನು, ಅಡಿಗೆಯವನು, ಎರಡನೇ ಪೊಲೀಸಿನವನು. ಕೊನೆಗೊಮ್ಮೆ ಅವನಿಗೆ ಹಡಗಿನ ಕಪ್ತಾನನ ದೊಡ್ಡ ಪಾತ್ರ ಸಿಕ್ಕಿತು. ಪತ್ರಿಕೆಯವರೆಲ್ಲ ನೋಡಲು ಬರುವ ಸಂಜೆ ಅವನು ಅರ್ಧ ಗ್ಲಾಸು ಬಿಯರಿಗೆಂದು ಇಲ್ಲಿಗೆ ಬಂದ. ಜೊತೆಗೆ, ಅವನು ಬಾರದಿದ್ದರೆ ಆ ಪಾತ್ರ ಮಾಡಬೇಕಾದ ಬದಲಿ ನಟ ಲೇತ್ಬರಿ, ಆಗ ಹರಕು ಬೂಟಿನ ಹುಡುಗ. ವಿಲ್ಫ್ ಅವನಿಗೆ ದಿನಾ ತಿನ್ನಿಸುತ್ತಿದ್ದ, ಸಂಭಾಷಣೆ ಹೇಳಿಕೊಡುತ್ತಿದ್ದ. ಅವತ್ತು ನಾನು ಪೀಪಾಯಿ ಬದಲಿಸಲು ನೆಲಮಾಳಿಗೆಗೆ ಇಳಿದಿದ್ದೆ. ಗಂಟೆ ಬಡಿಯಲಿಲ್ಲ. ಥಿಯೇಟರಿನವನು ಒತ್ತಿದೆ ಅಂದ, ಇಲ್ಲಿದ್ದವರು ಕೇಳಿಸಲಿಲ್ಲ ಅಂದರು. ಅಷ್ಟರಲ್ಲಿ ಲೇತ್ಬರಿ ಕಪ್ತಾನನ ಕೋಟು ತೊಟ್ಟು ರಂಗದ ಮೇಲೆ ನಿಂತಿದ್ದ. ಬೆಳಗಾಗುವಷ್ಟರಲ್ಲಿ ಅವನು ಹೆಸರುವಾಸಿ, ನನ್ನ ಅಣ್ಣ ಕುಡುಕ.

ಕುಡಿದು ಎಂಟ್ರಿ ತಪ್ಪಿಸಿದವನಿಗೆ ಲಂಡನ್ನಿನಲ್ಲಿ ಯಾರು ಕೆಲಸ ಕೊಡುತ್ತಾರೆ? ವಿಲ್ಫ್ ಕ್ರಾಯ್ಡನ್ನಿನ ಸಿನಿಮಾ ಮಂದಿರದಲ್ಲಿ ಟಿಕೆಟು ಹರಿಯುವ ಕೆಲಸಕ್ಕೆ ಸೇರಿದ. ಪಬ್ಬಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಗಂಟೆಯ ಸುತ್ತಿಗೆಗೆ ಬ್ರೆಡ್ಡಿನ ಚೂರು ಅಂಟಿತ್ತು ಕಣೋ ಅಂತ ನಾನು ಬಡಕೊಂಡರೆ, "ಬಿಡೇ ಮೇವಿಸ್, ನನ್ನ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟಬೇಡ. ನಾನೇ ಕುಡಿದಿದ್ನೇನೋ" ಅನ್ನುತ್ತಿದ್ದ. ಅದೇ ನನ್ನ ಕರುಳು ಕೊಯ್ದದ್ದು. ಊರು ನಂಬಿದರೆ ನಂಬಲಿ, ಅವನೇ ಅದನ್ನು ನಂಬಿಬಿಟ್ಟಿದ್ದ.

ಹಾಗಾಗಿ ನನಗೆ ಲೇತ್ಬರಿಯ ಬಾಯಿಂದಲೇ ನಿಜ ಬರಬೇಕಿತ್ತು, ವಿಲ್ಫನ ಕಿವಿಗೇ ಬೀಳಬೇಕಿತ್ತು. ಆಮೇಲೆ ಪ್ರಪಂಚ ಹಾಳಾಗಿ ಹೋಗಲಿ.

ಲೇತ್ಬರಿ ದಿನಾ ಬರತೊಡಗಿದ. ಎದುರಿನ ಥಿಯೇಟರಿನಲ್ಲಿ ಅವನದು ಸೇನಾಪತಿಯ ಪಾತ್ರ, ಎರಡನೇ ಭಾಗದ ಶುರುವಿನಲ್ಲಿ ಸೇನಾಪತಿಗೆ ಕೆಲಸವಿರಲಿಲ್ಲ. ನಾನು ಅವನನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದೆ. ನಿಮ್ಮ ದನಿ, ನಿಮ್ಮ ನಡಿಗೆ, ನಿಮ್ಮ ಮೂಗು! ಖಾಯಂ ಗಿರಾಕಿ ಓಲ್ವೆನ್, ಪಕ್ಕದ ಬೀದಿಯ ಥಿಯೇಟರಿನಲ್ಲಿ ವೇಷಭೂಷಣ ಹೊಲಿಯುವವಳು, ನನ್ನನ್ನು ಮೂಲೆಗೆ ಎಳೆದು, "ಏನೇ ಇದು ನಿನ್ನ ಅವತಾರ? ಅವನ ಬೂಟು ನೆಕ್ಕೋದೊಂದು ಬಾಕಿ" ಅಂದಳು.

"ಕುರಿ ಕೊಬ್ಬಲಿ ಅಂತ ಮೇಯಿಸ್ತಿದೀನಿ. ಬಾಯಿ ಮುಚ್ಕೊಂಡಿರು."

ಬುಧವಾರ ಮಧ್ಯಾಹ್ನದ ಆಟವಿತ್ತು. ಸೊಂಟ ಹಿಡಿದಿದೆ, ಗ್ಲಾಸು ಒರೆಸಲು ಯಾರೂ ಇಲ್ಲ ಅಂತ ಸುಳ್ಳು ಹೇಳಿ ವಿಲ್ಫನನ್ನು ಕರೆಸಿದೆ. ಬರಲೋ ಬೇಡವೋ ಅನ್ನುತ್ತಾ ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ಓಲ್ವೆನ್ ಅವನನ್ನು ತಬ್ಬಿಕೊಂಡಳು. ಬಡಗಿ ಸ್ಟಾನ್ಲಿ, ಹಿಂದೆ ಅವನಿಗಾಗಿ ಹಡಗಿನ ಸೆಟ್ಟು ಕಟ್ಟಿದವನು, ಬೆನ್ನು ತಟ್ಟಿದ. ವಿಲ್ಫ್ ಗಂಟೆಯ ಕಡೆ ನೋಡದೆ ನೇರ ಮರೆಕೋಣೆಗೆ ಹೋಗಿ ಬಟ್ಟೆ ಹಿಡಿದು ಕೂತ.

ಲೇತ್ಬರಿ ಬಂದ. ಓವರ್‌ಕೋಟಿನ ಕೆಳಗಿಂದ ಪದಕಗಳು ಝಣಝಣ ಅನ್ನುತ್ತಿದ್ದವು. ಎರಡನೇ ಗ್ಲಾಸು ಅರ್ಧವಾದ ಮೇಲೆ ನಾನು ಗಾಳ ಇಳಿಬಿಟ್ಟೆ.

"ನಿಮ್ಮದು ಅದೃಷ್ಟದ ಜಾತಕ ಬಿಡಿ ಸಾರ್. ಯಾರೋ ಮುದುಕ ಕುಡಿದು ಬಿದ್ದ, ನಿಮಗೆ ಛಾನ್ಸ್ ಸಿಕ್ತು. ಇಲ್ಲೇ ಅಂತಲ್ಲ ಅದು?"

"ಅದೃಷ್ಟ?" ಅವನಿಗೆ ಚುರುಕ್ಕೆಂದಿತು. "ಅದೃಷ್ಟ ಪೆದ್ದರಿಗೆ, ಡಾರ್ಲಿಂಗ್. ನನ್ನ ಅದೃಷ್ಟಾನ ನಾನೇ ಮಾಡ್ಕೊಂಡೆ. ಈ ಕೈಯಾರೆ."

"ಹೋಗಿ ಸಾರ್, ಬುರುಡೆ ಬಿಡ್ತೀರ."

"ಬುರುಡೆ ಅಲ್ಲ! ಆ ಗಂಟೆ ನೋಡು." ಅವನು ಸುತ್ತಲಿದ್ದವರಿಗೂ ಕೇಳುವಂತೆ ದನಿ ಏರಿಸಿದ. ನಟನಲ್ಲವೇ, ಜನ ಸಿಕ್ಕರೆ ಬಿಡುತ್ತಾನೆಯೇ? "ಇಲ್ಲಿಯವಳು ಕೆಳಗೆ ಹೋಗಿದ್ಳು. ಮುದುಕ ಉಚ್ಚೆಗೆ ಎದ್ದ. ಉಳಿದವರಿಗೆ ತಮ್ಮ ತಮ್ಮ ಗ್ಲಾಸಿನ ಮೇಲೇ ಕಣ್ಣು. ನಾನು ಸ್ಟೂಲ್ ಹತ್ತಿ, ತಿಂತಿದ್ದ ಬ್ರೆಡ್ಡನ್ನ ಮುರಿದು ಗಂಟೆಗೂ ಸುತ್ತಿಗೆಗೂ ಮಧ್ಯೆ ತುರುಕಿದೆ. ಆಮೇಲೆ ಸಿಗರೇಟು ಅಂತ ಹೊರಗೆ ಹೋದೆ, ರಸ್ತೆ ದಾಟಿದೆ, ಮುಗೀತು! ಅವನು ಇಲ್ಲೇ ಕೂತು ಗಂಟೆ ಬಡಿಯುತ್ತೆ ಅಂತ ಕಾಯ್ತಿದ್ದ, ಪಾಪ, ಹಸು ಥರ. ಅವತ್ತು ಅವನು ಕುಡಿದಿದ್ದು ಅರ್ಧ ಗ್ಲಾಸು!"

ನಗು ಬರಲಿ ಅಂತ ಸುತ್ತ ನೋಡಿದ. ಮರೆಕೋಣೆಯಲ್ಲಿ ಒಂದು ಗ್ಲಾಸು ನೆಲಕ್ಕೆ ಬಿದ್ದು ಒಡೆಯಿತು.

ಆಗ ಗಂಟೆ ಬಡಿಯಿತು.

ಲೇತ್ಬರಿ ಗ್ಲಾಸು ಇಟ್ಟು, ಮೀಸೆ ಒತ್ತಿಕೊಂಡು, ಬಾಗಿಲ ಕಡೆ ತಿರುಗಿದ. ದಾರಿ ತೆರೆದಿರುತ್ತದೆ ಅಂತ ಅವನಿಗೆ ಎಷ್ಟು ನಂಬಿಕೆಯೆಂದರೆ, ಸೀದಾ ಸ್ಟಾನ್ಲಿಯ ಎದೆಗೆ ಹೋಗಿ ಡಿಕ್ಕಿ ಹೊಡೆದ. ಸ್ಟಾನ್ಲಿ ಅಲುಗಲಿಲ್ಲ. ಅವನ ಹಿಂದಿನವನೂ ಅಲುಗಲಿಲ್ಲ. ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅಣ್ಣನ ಕಿವಿಗೆ ಬಿದ್ದರೆ ಸಾಕು ಅಂತಿದ್ದೆ. ಆದರೆ ಅಷ್ಟೂ ಜನ ಬೆನ್ನು ತಿರುಗಿಸಿ ನಿಂತದ್ದು ನೋಡಿ ನನ್ನ ಮೈಯೆಲ್ಲ ಬೆಚ್ಚಗಾಯಿತು.

"ದಾರಿ ಬಿಡಿ! ಗಂಟೆ ಆಯ್ತು!"

"ಯಾವ ಗಂಟೆ?" ಓಲ್ವೆನ್ ಕೇಳಿದಳು. "ಸ್ಟಾನ್ಲಿ, ನಿಂಗೇನಾದ್ರೂ ಕೇಳಿಸ್ತೇನೋ?"

"ನಂಗೆ ಕಿವಿ ಸ್ವಲ್ಪ ಮಂದ ಕಣೇ."

"ತಮಾಷೆ ಮಾಡ್ಬೇಡಿ! ಒಳಗೆ ಸಾವಿರ ಜನ ಕೂತಿದ್ದಾರೆ!"

"ಅವರಿಗೇನೂ ನಷ್ಟ ಇಲ್ಲ ಬಿಡಿ," ಅಂದೆ ನಾನು. "ನಿಮ್ಮ ಬದಲಿಯವನು ಸೈಡ್‌ವಿಂಗಲ್ಲಿ ನಿಂತಿರ್ತಾನೆ. ನಾಟಕ ನಿಲ್ಲಲ್ಲ. ನೀವು ಮಾತ್ರ ನಿಲ್ತೀರ."

ಅವನು ಮೊದಲ ಸಲ ನನ್ನ ಮುಖ ನೋಡಿದ. ಬಣ್ಣದ ಕೆಳಗೆ ಅವನ ಮುಖ ಸುಣ್ಣವಾದದ್ದು ಕಾಣಿಸಿತು. ಥಟ್ಟನೆ ತಿರುಗಿ, ಜನರ ಸಂದಿಯಲ್ಲಿ ನುಸುಳಿ, ಮರೆಕೋಣೆಗೆ ನುಗ್ಗಿದ. ಅದರ ಬಾಗಿಲಿನ ನೆನಪು ಅವನಿಗಿತ್ತು, ನರಿಗೆ ಬಿಲದ ದಾರಿ ಮರೆಯುತ್ತದೆಯೇ? ಆದರೆ ಬಾಗಿಲ ಮುಂದೆ, ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ವಿಲ್ಫ್ ನಿಂತಿದ್ದ.

ನನ್ನ ಅಣ್ಣ ಬೆಣ್ಣೆಯಂಥವನು. ಇಲಿ ಬೋನಿಗೆ ಬಿದ್ದರೆ ಪಾರ್ಕಿಗೆ ಒಯ್ದು ಬಿಟ್ಟು ಬರುವವನು. ಅಯ್ಯೋ, ಬಿಟ್ಟುಬಿಡ್ತಾನಲ್ಲಪ್ಪ, ಕೈಗೆ ಸಿಕ್ಕಿದ್ದನ್ನು ಬಿಟ್ಟುಬಿಡ್ತಾನೆ ಅಂತ ನಾನು ಕಟ್ಟೆಯ ಮೇಲೆ ಅರ್ಧ ಬಾಗಿದ್ದೆ.

"ವಿಲ್ಫ್! ವಿಲ್ಫ್ ಅಣ್ಣ!" ಲೇತ್ಬರಿ ಕೈ ಮುಗಿಯುವುದೊಂದು ಬಾಕಿ. "ಹಳೇದೆಲ್ಲ ಆಮೇಲೆ ಮಾತಾಡೋಣ. ಕಾಲಿಗೆ ಬೇಕಾದ್ರೂ ಬೀಳ್ತೀನಿ. ಈಗ ನನ್ನ ಎಂಟ್ರಿ ಇದೆ."

"ಗೊತ್ತು," ಅಂದ ವಿಲ್ಫ್. "ನಂದೂ ಇತ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

"ಆ ಬ್ರೆಡ್ಡು ನಾನೇ ನಿಂಗೆ ಕೊಡಿಸಿದ್ದು. ಹಸಿವು ಅಂದಿದ್ದೆ ನೀನು," ಅಂದ. "ಇಷ್ಟು ವರ್ಷ ನಾನು ಕುಡಿದಿದ್ದೆ ಅಂತಲೇ ತಿಳ್ಕೊಂಡಿದ್ದೆ ಕಣೋ. ಅಮ್ಮ ಸಾಯೋವಾಗ ಅವಳ ಕೈ ಹಿಡಿದು, ಇನ್ಮೇಲೆ ಕುಡಿಯಲ್ಲ ಅಂತ ಮಾತು ಕೊಟ್ಟೆ. ಅವಳೂ ಹಾಗೇ ನಂಬಿಕೊಂಡು ಹೋದಳು."

ಅಷ್ಟು ಹೇಳಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಲೇತ್ಬರಿ ತಳ್ಳಬಹುದಿತ್ತು. ತಳ್ಳಲಿಲ್ಲ, ಯಾಕೋ ಕೈ ಏಳಲಿಲ್ಲ ಅವನಿಗೆ. ಗಂಟೆ ಇನ್ನೊಮ್ಮೆ ಬಡಿಯಿತು. ಮೂರನೆಯ ಸಲ ಬಡಿಯಿತು. ಆಮೇಲೆ ಬಡಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಸ್ಟೇಜ್ ಮ್ಯಾನೇಜರ್ ಫಿಲಿಪ್ಪಾ ಏದುಸಿರು ಬಿಡುತ್ತಾ ಬಂದಳು. ಅವಳಿಗೆ ಎಲ್ಲರೂ ಚೆನ್ನಾಗಿಯೇ ದಾರಿ ಬಿಟ್ಟರು.

"ಏನ್ರೀ ಇದು ಲೇತ್ಬರಿ? ಬದಲಿಯವನನ್ನ ಕಳಿಸಿ ಬಂದೆ. ಚಪ್ಪಾಳೆ ಬೀಳ್ತಿದೆ ಅವನಿಗೆ. ಮೂರು ಸಲ ಗಂಟೆ ಒತ್ತಿಸಿದೀನಿ. ಏನಾಯ್ತು ನಿಮಗೆ?"

ಅವನು ಬಾಯಿ ತೆರೆದ. ಇವರು ದಾರಿ ಬಿಡಲಿಲ್ಲ ಅನ್ನಬಹುದಿತ್ತು. ಅಂದರೆ, ಯಾಕೆ ಬಿಡಲಿಲ್ಲ ಅಂತ ಅವಳು ಕೇಳುತ್ತಾಳೆ. ಇಡೀ ಪಬ್ಬು ಬಾಯಿ ತೆರೆಯಲು ಕಾದಿದೆ. ಬದಲಿಯಾಗಿದ್ದಾಗ ಮುಖ್ಯ ನಟನ ಗಂಟೆಯ ಬಾಯಿ ಕಟ್ಟಿದವನು ಅಂತ ಗೊತ್ತಾದರೆ, ಈ ಬೀದಿಯಲ್ಲಿ ಅವನ ಜೊತೆ ರಂಗಕ್ಕೇರಲು ಒಬ್ಬನೂ ಒಪ್ಪುವುದಿಲ್ಲ. ಕುಡುಕನನ್ನು ಬೇಕಾದರೂ ಕ್ಷಮಿಸುತ್ತಾರೆ, ಅದನ್ನಲ್ಲ. ಅವನು ನನ್ನನ್ನು ನೋಡಿದ, ಓಲ್ವೆನ್‌ಳನ್ನು ನೋಡಿದ, ಕೊನೆಗೆ ವಿಲ್ಫನನ್ನು ನೋಡಿದ.

"ಕುಡಿದಿದ್ದೆ," ಅಂದ. "ಸ್ವಲ್ಪ ಜಾಸ್ತಿ ಆಯ್ತು."

ಫಿಲಿಪ್ಪಾ ಹತ್ತಿರ ಹೋಗಿ ಅವನ ಬಾಯಿ ಮೂಸಿ ನೋಡಿದಳು. "ಕೋಟು ಕೊಡಿ. ಸಂಜೆ ಆಟಕ್ಕೂ ಅವನೇ ಮಾಡ್ತಾನೆ. ಆಮೇಲಿಂದು ಮಾಲೀಕರು ನೋಡ್ಕೊಳ್ತಾರೆ." ಸೇನಾಪತಿಯ ಕೋಟು, ಪದಕ ಸಮೇತ, ಬಿಚ್ಚಿಕೊಂಡು ಹೋದಳು.

ಮಾಡಿದ್ದುಣ್ಣೋ ಮಹಾರಾಯ ಅಂತ ನಾನು ಒಳಗೇ ಅಂದುಕೊಂಡೆ. ಹಬ್ಬದ ಊಟ ಮಾಡಿದಷ್ಟು ತೃಪ್ತಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಲೇತ್ಬರಿ ಬನಿಯನ್ನಿನಲ್ಲಿ, ಅಂಟಿಸಿದ ಮೀಸೆಯಲ್ಲಿ, ಮರೆಕೋಣೆಯ ನಡುವೆ ನಿಂತಿದ್ದ. ಈಗ ಎಲ್ಲರೂ ಗೋಡೆಗೆ ಸರಿದು ಬಾಗಿಲ ತನಕ ದಾರಿ ಬಿಟ್ಟಿದ್ದರು. ಅವನು ಹೋಗಲಿಲ್ಲ. ಹೋಗಲು ಜಾಗವೇ ಇರಲಿಲ್ಲ.

ವಿಲ್ಫ್ ಒಂದು ಕುರ್ಚಿ ಎಳೆದು, ಒದ್ದೆ ಬಟ್ಟೆಯಿಂದ ಒರೆಸಿ, ಅವನ ಮುಂದಿಟ್ಟ.

"ಕೂತ್ಕೋ ಕ್ರಿಸ್ಪಿನ್," ಅಂದ, ಬಹಳ ಮರ್ಯಾದೆಯಿಂದ. "ಮೊದಲನೇ ಸಂಜೆ ಸ್ವಲ್ಪ ಕಷ್ಟ. ಆಮೇಲೆ, ಕುಡಿದಿದ್ದೆ ಅಂತ ನೀನೂ ನಂಬ್ತೀಯ."