ಗುಂಡಮ್ಮನ ತಲೆಯ ಫೋಟೊ

ಎಲ್ಲಿಂದ ಶುರು ಮಾಡಲಿ, ಓದುಗರೇ? ಮೊದಲ ಕರಡು ಉದಗೀರದ ಸ್ಕ್ಯಾನಿಂಗ್ ಸೆಂಟರಿನಿಂದ ಶುರುವಾಗಿತ್ತು. ಓದಿದರೆ ಜಾಹೀರಾತಿನಂತಿತ್ತು, ಹರಿದು ಹಾಕಿದೆ. ಗುಂಜೋಟಿಗೇ ಹೋಗೋಣ.

೧

ಗುಂಜೋಟಿಯ ಗುಂಡಮ್ಮ ಹಿಂಡಿನ ಒಂದೊಂದು ಕುರಿಯನ್ನೂ ಮುಖ ನೋಡಿಯೇ ಗುರುತಿಸುವವಳು. ಅಂಥವಳು ಒಂದು ದಿನ ರೊಟ್ಟಿ ಬಡಿಯುತ್ತಿದ್ದ ಸೊಸೆ ಪೂನಮಳನ್ನು ನೋಡಿ, "ನೀ ಯಾರ ಮಗಳವ್ವಾ?" ಎಂದಳು.

ಮಗ ರೇವಣಸಿದ್ಧ ತಲೆತಗ್ಗಿಸಿದ. "ವಯಸ್ಸಾತು. ಇದಕ್ಕ ಔಷಧ ಇಲ್ಲ."

(ನಾನೂ ಹಾಗೇ ಬರೆದುಕೊಂಡೆ. ಕಣ್ಣೀರಿನ ಕಥೆ ಬೇಗ ಮುಗಿಯುತ್ತದೆ ನೋಡಿ.)

ಪೂನಮ ನನ್ನ ಮೇಲೆಯೇ ಹರಿಹಾಯ್ದಳು. "ಕಥಿ ಬರಿಯೋವ್ರ, ಅತ್ತಿ ಹೋದ ತಿಂಗಳ ತನಕ ಛಂದ ಇದ್ದಳು. ಈಗ ನಡಿಯೋವಾಗ ವಾಲತಾಳ. ಇದು ವಯಸ್ಸಲ್ರೀ!"

೨

ಪೂನಮ ಕಥೆಗಾರನ ಅಪ್ಪಣೆಗೆ ಕಾಯದೆ, ಗಂಡನನ್ನೂ ಅತ್ತೆಯನ್ನೂ ನಿಲಂಗಾದ ಬಸ್ಸು ಹತ್ತಿಸಿ, ಅಲ್ಲಿಂದ ಉದಗೀರಕ್ಕೆ ಕರೆದೊಯ್ದಳು. ಡಾಕ್ಟರ್ ಧನಶ್ರೀ ಗುಂಡಮ್ಮನನ್ನು ಮಾತಾಡಿಸಿದರು, ನಡೆಸಿ ನೋಡಿದರು.

"ತಲಿ ಫೋಟೊ ತೆಗದ್ರ ಮರೆವು ಕಾಣ್ತದೇನ್ರೀ?" ರೇವಣಸಿದ್ಧ ಕೇಳಿದ.

"ಎಲ್ಲಾರಿಗೂ ಸ್ಕ್ಯಾನ್ ಬೇಕಂತಿಲ್ರೀ. ವರ್ಷಾನುಗಟ್ಟಲೆ ನಿಧಾನ ಬಂದ ಮರೆವಿಗಿ ಎಷ್ಟೋ ಸಲ ಮನಿಯವ್ರ ಮಾತೇ ಹೆಚ್ಚು ಹೇಳ್ತದ. ಆದ್ರ ಇದು ಲಗೂನೇ ಬಂದದ, ನಡಿಗಿನೂ ಕೆಟ್ಟದ. ತಲಿಗಿ ಪೆಟ್ಟು ಬಿದ್ದಿತ್ತೇನು?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಟಗರು ಹಾಯ್ದಿತ್ತರೀ," ಎಂದಳು ಪೂನಮ. "ಗ್ವಾಡಿಗಿ ತಲಿ ಬಡೀತು. ರಕ್ತ ಬರ್ಲಿಲ್ಲಂತ ಮರ್ತುಬಿಟ್ಟೆವು."

"ಹಂಗಾರ ಸ್ಕ್ಯಾನ್ ಈಗೇ ಆಗ್ಬೇಕು."

ಸ್ಕ್ಯಾನಿನಲ್ಲಿ ಕಂಡಿತು: ಹೊರಗೆ ಬಾರದ ರಕ್ತ ತಲೆಬುರುಡೆಯೊಳಗೆ ನಿಂತು ಮೆದುಳನ್ನು ಒತ್ತುತ್ತಿತ್ತು. ಲಾತೂರಿನ ದೊಡ್ಡ ಆಸ್ಪತ್ರೆಯಲ್ಲಿ ಸಣ್ಣ ರಂಧ್ರ ಕೊರೆದು ಅದನ್ನು ತೆಗೆದರು.

೩, ಅಥವಾ ಅಂತ್ಯಗಳು

ಅಂತ್ಯ ಒಂದು: ಗುಂಡಮ್ಮ ಕಣ್ಣು ತೆರೆಯಲಿಲ್ಲ. (ಬರೆದವನೇ ಹೊಡೆದು ಹಾಕಿದೆ.)

ಅಂತ್ಯ ಎರಡು: ಕಣ್ಣು ತೆರೆದು ಸುಮ್ಮನೆ ನಕ್ಕಳು, ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. (ವಿಮರ್ಶಕರಿಗೆ ಇಷ್ಟವಾಗುತ್ತದೆ. ಪೂನಮಳಿಗಲ್ಲ.)

ಆದದ್ದು ಇಷ್ಟು. ಕಣ್ಣು ತೆರೆದ ಗುಂಡಮ್ಮ ಸೊಸೆಯನ್ನೇ ನೋಡಿದಳು. "ಪೂನಮ, ಮಾರಿ ಯಾಕ ಬಾಡ್ಯದ? ಉಂಡಿಲ್ಲೇನು?"

ಪೂನಮ ಆಸ್ಪತ್ರೆಯೇ ತಿರುಗಿ ನೋಡುವಂತೆ ನಕ್ಕಳು, ನಗುತ್ತಲೇ ಅತ್ತಳು. ರೇವಣಸಿದ್ಧ "ಬೀರಪ್ಪ ದೇವ್ರೇ!" ಎಂದು ಗೋಡೆಗೊರಗಿದ.

ಗುಂಡಮ್ಮ ಊರಿಗೆ ಮರಳಿದ್ದೇ ತಡ, ಓಣಿಯ ಹೆಂಗಸರೆಲ್ಲ ತಮ್ಮ ತಲೆಗೂ ಫೋಟೊ ಬೇಕೆಂದರು. ಗುಂಡಮ್ಮ ಗದರಿದಳು: "ಸುಮ್ನ ಯಾಕ? ಯಾವಾಗಿಂದ, ಹ್ಯಾಂಗ ಅಂತ ಮೊದಲ ಡಾಕ್ಟರ್‌ಗಿ ಹೇಳ್ರಿ. ಬೇಕಾದ್ರ ಅವ್ರೇ ತೆಗಸ್ತಾರ."

ನಾನು 'ಮುಗಿಯಿತು' ಎಂದು ಬರೆಯಹೊರಟೆ. ಆಕೆ ಬಗ್ಗಿ ನೋಡಿದಳು.

"ಏನು ಮುಗೀತೋ ತಮ್ಮಾ? ನಾ ಇನ್ನಾ ಅದೀನಲ್ಲ!"

ಆಗಲೇ ಕಂಬಳಿ ಹೆಗಲಿಗೇರಿಸಿ ಹಿಂಡು ಹೊಡೆದುಕೊಂಡು ಹೊರಟಿದ್ದಾಳೆ, ನೆಟ್ಟಗೆ, ದಾಪುಗಾಲಲ್ಲಿ. ಪೂರ್ಣವಿರಾಮ ಇಡಲು ನಿಂತರೆ ನಾನೇ ಹಿಂದುಳಿಯುತ್ತೇನೆ, ಆದ್ದರಿಂದ